ಕವರಿನ ಹಿಂಬದಿಯ ಸಣ್ಣಕ್ಷರದಲ್ಲಿ ಒಬ್ಬ ಗಾಯಕಿ: ಬ್ರಿಟನ್ನಿನ ಸೋಲ್ ಮತ್ತು ಡ್ಯಾನ್ಸ್ ಗಾಯಕಿಯರ ವೃತ್ತಿಜೀವನವನ್ನು ಹುಡುಕಿ ಬರೆಯುವ ಬಗೆ

ಬೆಂಗಳೂರಿನಲ್ಲಿ ತೊಂಬತ್ತರ ದಶಕದಲ್ಲಿ ಕಾಲೇಜು ಓದಿದ ಯಾರಿಗಾದರೂ ‘ಬ್ಯಾಕ್ ಟು ಲೈಫ್’ ಹಾಡಿನ ಮೊದಲ ಸಾಲನ್ನು ಗುನುಗಿ ತೋರಿಸಿದರೆ ಕೂಡಲೇ ಗುರುತು ಹಿಡಿಯುತ್ತಾರೆ. ಸ್ವಲ್ಪ ಯೋಚಿಸಿ, ಅದು ಸೋಲ್ ಟು ಸೋಲ್ ತಂಡದ ಹಾಡು ಎಂದೂ ಹೇಳುತ್ತಾರೆ. ಹಾಡಿದ ಹೆಂಗಸು ಯಾರು ಎಂದು ಕೇಳಿದರೆ ಮಾತ್ರ ಹತ್ತರಲ್ಲಿ ಒಂಬತ್ತು ಜನ ಸುಮ್ಮನಾಗುತ್ತಾರೆ. ಹಾಡಿದವರು ಕ್ಯಾರನ್ ವೀಲರ್. ಇಂತಹ ಗಾಯಕಿಯ ಬಗ್ಗೆ ಕನ್ನಡದಲ್ಲಿ ಒಂದು ಪರಿಚಯ ಲೇಖನ ಬರೆಯಬೇಕೆಂದು ಅಥವಾ ಗೆಳೆಯರನ್ನು ಕೂರಿಸಿಕೊಂಡು ಒಂದು ಸಂಜೆ ಅವರ ಹಾಡುಗಳನ್ನು ಕೇಳಿಸಬೇಕೆಂದು ಹೊರಡುವವರಿಗೆ ಎದುರಾಗುವ ಮೊದಲ ತೊಡಕೆಂದರೆ, ಆಕೆಯ ವೃತ್ತಿಜೀವನದ ಹೆಚ್ಚಿನ ಪಾಲು ಆಕೆಯ ಹೆಸರಿನಲ್ಲಿ ದಾಖಲಾಗಿಯೇ ಇಲ್ಲ ಎಂಬುದು. ಅದು ಬೇರೆಯವರ ಆಲ್ಬಮ್ಮುಗಳಲ್ಲಿ, ತಂಡಗಳ ಹೆಸರಿನ ಮರೆಯಲ್ಲಿ, ಕವರಿನ ಹಿಂಬದಿಯ ಸಣ್ಣಕ್ಷರಗಳಲ್ಲಿ ಚದುರಿಹೋಗಿದೆ. ಅದನ್ನು ಒಂದೆಡೆ ಕೂಡಿಸುವ ಕೆಲಸವನ್ನು ನಾನು ಮಾಡುವ ರೀತಿಯನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಒಂದು ಪುಸ್ತಕ ಇಟ್ಟುಕೊಳ್ಳಿ. ಕಂಪ್ಯೂಟರಿನಲ್ಲಿ ಎಕ್ಸೆಲ್ ಶೀಟ್ ತೆರೆದರೂ ಆದೀತು, ಆದರೆ ಹಾಡು ಕೇಳುತ್ತಿರುವಾಗ ಪೆನ್ಸಿಲ್ ಕೈಯಲ್ಲಿದ್ದರೆ ಕಿವಿ ಚುರುಕಾಗಿರುತ್ತದೆ ಎಂಬುದು ನನ್ನ ಅನುಭವ. ಪುಟವನ್ನು ನಾಲ್ಕು ಅಂಕಣವಾಗಿ ಗೆರೆ ಹಾಕಿ: ವರ್ಷ, ಮುಖಪುಟದಲ್ಲಿ ಅಚ್ಚಾಗಿರುವ ಹೆಸರು, ಈಕೆ ಅಲ್ಲಿ ಮಾಡಿದ ಕೆಲಸ, ನೀವು ಕೇಳಿದ ಆವೃತ್ತಿ. ಎರಡನೆಯ ಮತ್ತು ಮೂರನೆಯ ಅಂಕಣಗಳು ಬೇರೆಬೇರೆಯಾಗಿರಲೇಬೇಕು, ಏಕೆಂದರೆ ಈ ಸಂಗೀತದಲ್ಲಿ ಮುಖಪುಟದ ಹೆಸರಿಗೂ ಕೇಳಿಸುವ ಕಂಠಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ನಾಲ್ಕನೆಯ ಅಂಕಣದ ಪ್ರಯೋಜನ ಮೊದಲ ದಿನ ಕಾಣುವುದಿಲ್ಲ. ಮೂರನೆಯ ವಾರದ ಹೊತ್ತಿಗೆ ಅದೇ ನಿಮ್ಮನ್ನು ಕಾಪಾಡುತ್ತದೆ.

ಬರೆಯಲು ತೊಡಗುವ ಮುನ್ನ ನಾಲ್ಕು ಪದಗಳ ಬಗ್ಗೆ ಎಚ್ಚರವಿರಲಿ. ನಮ್ಮಲ್ಲಿ ‘ಹಿನ್ನೆಲೆ ಗಾಯಕಿ’ ಎಂದರೆ ಸಿನಿಮಾದಲ್ಲಿ ನಟಿಗೆ ಕಂಠದಾನ ಮಾಡುವವರು; ಮುಖ್ಯ ಗಾಯಕರ ಹಿಂದೆ ನಿಂತು ದನಿಗೂಡಿಸುವವರನ್ನು ಅದೇ ಪದದಿಂದ ಕರೆದರೆ ಓದುಗರು ದಾರಿ ತಪ್ಪುತ್ತಾರೆ. ಅವರನ್ನು ಕೋರಸ್ ಗಾಯಕಿಯರು ಎಂದೇ ಬರೆಯಿರಿ, ಸ್ಟುಡಿಯೋಗಳಲ್ಲಿ ಎಲ್ಲರೂ ಹಾಗೆಯೇ ಅನ್ನುತ್ತಾರೆ. ‘ಡಬ್ ಮಿಕ್ಸ್’ ಎಂಬುದಕ್ಕೂ ನಮ್ಮ ಡಬ್ಬಿಂಗ್ ಜಗಳಕ್ಕೂ ಯಾವ ನಂಟೂ ಇಲ್ಲ. ಹಾಡಿನಿಂದ ಕಂಠವನ್ನು ಬಹುಪಾಲು ತೆಗೆದು, ಬೇಸ್ ಮತ್ತು ತಾಳವನ್ನು ಮುಂದೆ ತಂದು, ಅಲ್ಲಲ್ಲಿ ಒಂದು ಪದವನ್ನು ಪ್ರತಿಧ್ವನಿಯಂತೆ ತೇಲಿಬಿಡುವ ಆವೃತ್ತಿಗೆ ಆ ಹೆಸರು. ‘ಲವರ್ಸ್ ರಾಕ್’ ಎಂಬುದರಲ್ಲಿ ರಾಕ್ ಸಂಗೀತವಿಲ್ಲ. ಅದು ಎಪ್ಪತ್ತರ ದಶಕದ ಲಂಡನ್ನಿನಲ್ಲಿ, ಕೆರಿಬಿಯನ್ ಮೂಲದ ಕುಟುಂಬಗಳ ಹೊಸ ತಲೆಮಾರು ರೂಪಿಸಿಕೊಂಡ, ಪ್ರೇಮಗೀತೆಗಳೇ ಹೆಚ್ಚಾಗಿರುವ ಮೆದುವಾದ ರೆಗೇ (ಜಮೈಕಾ ಮೂಲದ ಸಂಗೀತ). ಇನ್ನು ‘ಸೋಲ್’ ಪದವನ್ನು ಒಂಟಿಯಾಗಿ ಬರೆದರೆ ಕನ್ನಡದ ಕಣ್ಣಿಗೆ ‘ಸೋಲು’ ಕಾಣುತ್ತದೆ, ಆದ್ದರಿಂದ ‘ಸೋಲ್ ಸಂಗೀತ’ ಎಂದು ಜೊತೆ ಕೊಟ್ಟು ಬರೆಯುವುದು ಕ್ಷೇಮ. ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ, ಭಾವ ತುಂಬಿ ಹಾಡುವ ಸಂಗೀತ ಅದು.

ಹುಡುಕಾಟವನ್ನು ದೊಡ್ಡ ಹಾಡಿನಿಂದ ಆರಂಭಿಸಿ ಹಿಂದಕ್ಕೆ ಹೋಗಿ. ವೀಲರ್ ಅವರ ವಿಷಯದಲ್ಲಿ ದೊಡ್ಡ ಹಾಡಿನ ವರ್ಷ 1989. ಅಲ್ಲಿಂದ ಹಿಂದೆ ಸರಿದರೆ 1984ರ ‘ನೆಲ್ಸನ್ ಮಂಡೇಲಾ’ ಸಿಗುತ್ತದೆ. ದಿ ಸ್ಪೆಷಲ್ ಎಕೆಎ ತಂಡದ ಆ ಹಾಡಿನಲ್ಲಿ ಮಂಡೇಲಾ ಅವರ ಬಿಡುಗಡೆಯನ್ನು ಕೇಳುವ ಕೋರಸ್ ದನಿಗಳಲ್ಲಿ ವೀಲರ್ ಅವರದೂ ಒಂದು. ಇನ್ನೊಂದು ವರ್ಷ ಹಿಂದೆ ಹೋದರೆ, 1983ರಲ್ಲಿ ಬ್ರಿಟಿಷ್ ಗಾಯಕ ಎಲ್ವಿಸ್ ಕಾಸ್ಟೆಲೋ ಅವರ ‘ಎವ್ರಿಡೇ ಐ ರೈಟ್ ದ ಬುಕ್’ ಹಾಡಿನಲ್ಲಿ ಅದೇ ದನಿ. ಈ ಹಾಡುಗಳನ್ನು ಹುಡುಕುವಾಗ ‘ಆಫ್ರೋಡಿಜಿಯಾಕ್’ ಎಂಬ ಹೆಸರು ಎದುರಾಗುತ್ತದೆ. ಅದು ವೀಲರ್ ಮತ್ತು ಕ್ಲಾಡಿಯಾ ಫಾಂಟೇನ್ ಮೊದಲಾದವರು ಕಟ್ಟಿಕೊಂಡಿದ್ದ ಕೋರಸ್ ತಂಡ. ಇನ್ನೂ ಹಿಂದೆ, 1977ರಲ್ಲಿ, ಹದಿನಾಲ್ಕರ ಆಸುಪಾಸಿನ ವೀಲರ್ ‘ಬ್ರೌನ್ ಶುಗರ್’ ಎಂಬ ಮೂವರು ಹುಡುಗಿಯರ ಲವರ್ಸ್ ರಾಕ್ ತಂಡದಲ್ಲಿದ್ದಾರೆ. ಅಂದರೆ ಜನ ‘ಹೊಸ ದನಿ’ ಎಂದುಕೊಂಡದ್ದು ಹನ್ನೆರಡು ವರ್ಷ ಸ್ಟುಡಿಯೋಗಳಲ್ಲಿ ಪಳಗಿದ ದನಿ. ವೃತ್ತಿಜೀವನದ ಲೇಖನ ಬರೆಯುವವರು ಹೆಚ್ಚಾಗಿ ಜಾರುವುದು ಇಲ್ಲಿಯೇ: ಮೊದಲ ಯಶಸ್ಸನ್ನೇ ಮೊದಲ ದಿನವೆಂದು ಭಾವಿಸಿ, ಅದರ ಹಿಂದಿನದನ್ನೆಲ್ಲ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ.

ಈ ಹಿಂದಿನ ದಾರಿ ಹಿಡಿಯಲು ಡಿಸ್ಕಾಗ್ಸ್ ಎಂಬ ತಾಣ ಬಹಳ ಉಪಯುಕ್ತ. 2000ದಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಪಟ್ಟಿಯಾಗಿ ಆರಂಭವಾದ ಅದರಲ್ಲಿ ಡ್ಯಾನ್ಸ್ ಸಂಗೀತದ ಮುದ್ರಣಗಳ ವಿವರ ವಿಶೇಷವಾಗಿ ದಟ್ಟವಾಗಿದೆ. ಗಾಯಕಿಯ ಪುಟ ತೆರೆದೊಡನೆ ಆಲ್ಬಮ್ ಪಟ್ಟಿಗೆ ಹೋಗದೆ ‘ಕ್ರೆಡಿಟ್ಸ್’ (ಯಾವ ಮುದ್ರಣದಲ್ಲಿ ಯಾವ ಕೆಲಸ ಮಾಡಿದರು ಎಂಬ ಪಟ್ಟಿ) ವಿಭಾಗಕ್ಕೆ ಹೋಗಿ, ಅದರೊಳಗೆ ‘ವೋಕಲ್ಸ್’ ಅಡಿಯ ನಮೂದುಗಳನ್ನು ವರ್ಷದ ಕ್ರಮಕ್ಕೆ ತನ್ನಿ. ಹೆಸರಿನ ಬೇರೆ ಬೇರೆ ರೂಪಗಳನ್ನೂ ಒತ್ತಿ ನೋಡಿ. ಆದರೆ ಅಲ್ಲಿರುವುದನ್ನು ತುಂಬಿದವರು ನಮ್ಮ ನಿಮ್ಮಂತಹ ಕೇಳುಗರೇ ಆದ್ದರಿಂದ, ಕವರಿನ ಅಥವಾ ಲೇಬಲ್ಲಿನ ಫೋಟೋ ಇರುವ ನಮೂದನ್ನು ಮಾತ್ರ ನಂಬಿ, ಫೋಟೋವನ್ನು ದೊಡ್ಡದು ಮಾಡಿ ಸ್ವತಃ ಓದಿ. ಸೋಲ್ ಟು ಸೋಲ್ ಹೆಸರನ್ನು ಹುಡುಕುವಾಗ ನಡುವಿನ ‘ಟು’ ರೋಮನ್ ಅಂಕಿಯ ಎರಡು ಎಂಬುದನ್ನು ಮರೆಯಬೇಡಿ. ಅಕ್ಷರದಲ್ಲಿ ಬರೆದು ಹುಡುಕಿದರೆ ಬೇರೇನೋ ಸಿಗುತ್ತದೆ.

ಇನ್ನು ದೊಡ್ಡ ಹಾಡಿನ ಬಳಿಯೇ ಸ್ವಲ್ಪ ಹೊತ್ತು ಕೂರಬೇಕು. ಸೋಲ್ ಟು ಸೋಲ್ ವಾಡಿಕೆಯ ಅರ್ಥದ ಬ್ಯಾಂಡ್ ಅಲ್ಲ. ಜಾಝಿ ಬಿ ಎಂಬುವರು ಲಂಡನ್ನಿನಲ್ಲಿ ನಡೆಸುತ್ತಿದ್ದ ಸೌಂಡ್ ಸಿಸ್ಟಂ ಅದರ ಮೂಲ. ನಮ್ಮ ಗಣೇಶೋತ್ಸವದ ಮೈಕ್ ಸೆಟ್ಟಿನವರು ಸ್ಪೀಕರು, ಆಂಪ್ಲಿಫೈಯರು, ರೆಕಾರ್ಡುಗಳನ್ನು ಹೊತ್ತು ಓಣಿ ಓಣಿಗೆ ಹೋಗುತ್ತಿದ್ದರಲ್ಲ, ಹೆಚ್ಚು ಕಡಿಮೆ ಹಾಗೆಯೇ. ವ್ಯತ್ಯಾಸವೆಂದರೆ ಅಲ್ಲಿ ಯಾವ ಹಾಡು ಹಾಕಬೇಕೆಂಬುದನ್ನು ಸೆಟ್ಟಿನವರೇ ತೀರ್ಮಾನಿಸುತ್ತಿದ್ದರು, ಜನ ಅದಕ್ಕಾಗಿಯೇ ಬರುತ್ತಿದ್ದರು. ಕೋವೆಂಟ್ ಗಾರ್ಡನ್ನಿನ ಆಫ್ರಿಕಾ ಸೆಂಟರಿನಲ್ಲಿ ಇವರ ಭಾನುವಾರದ ರಾತ್ರಿಗಳು ಹೆಸರಾಗಿದ್ದವು. ಇಂತಹ ಕೂಟದಲ್ಲಿ ಗಾಯಕಿ ಖಾಯಂ ಸದಸ್ಯೆಯಾಗಿರಬೇಕಿಲ್ಲ. 1988ರ ‘ಫೇರ್‌ಪ್ಲೇ’ಯಲ್ಲಿ ಹಾಡಿದವರು ರೋಸ್ ವಿಂಡ್‌ರಾಸ್, 1989ರ ‘ಕೀಪ್ ಆನ್ ಮೂವಿನ್’ ಮತ್ತು ‘ಬ್ಯಾಕ್ ಟು ಲೈಫ್’ ವೀಲರ್ ಅವರವು, ಅದರ ಮರುವರ್ಷದ ‘ಎ ಡ್ರೀಮ್ಸ್ ಎ ಡ್ರೀಮ್’ ಹೊತ್ತಿಗೆ ಮೈಕಿನ ಮುಂದೆ ವಿಕ್ಟೋರಿಯಾ ವಿಲ್ಸನ್-ಜೇಮ್ಸ್ ಇದ್ದಾರೆ. ಆದ್ದರಿಂದ ತಂಡದ ಇತಿಹಾಸವನ್ನು ಗಾಯಕಿಯ ಇತಿಹಾಸವೆಂದು ಬರೆಯಬೇಡಿ. ಆಕೆ ಯಾವ ಹಾಡಿಗೆ ಬಂದರು, ಯಾವುದಕ್ಕೆ ಇರಲಿಲ್ಲ ಎಂಬುದನ್ನು ಹಾಡು ಹಾಡಾಗಿ ಬಿಡಿಸಿಕೊಳ್ಳಿ.

‘ಕ್ಲಬ್ ಕ್ಲಾಸಿಕ್ಸ್ ವಾಲ್ಯೂಮ್ ಒನ್’ ಆಲ್ಬಮ್ಮನ್ನು ಹಾಕಿ ‘ಬ್ಯಾಕ್ ಟು ಲೈಫ್’ ಕೇಳಿದವರು, ರೇಡಿಯೋದಲ್ಲಿ ಕೇಳಿದ ಹಾಡು ಇದಲ್ಲವಲ್ಲ ಎಂದು ಗೊಂದಲಕ್ಕೆ ಬೀಳುವುದುಂಟು. ಅವರ ಕಿವಿ ಸರಿಯಾಗಿಯೇ ಇದೆ. ಆಲ್ಬಮ್ಮಿನಲ್ಲಿರುವುದು ಬಹುಪಾಲು ವಾದ್ಯವಿಲ್ಲದ, ಬರಿಯ ಕಂಠಗಳ ಮೇಲೆ ನಿಂತ ಆವೃತ್ತಿ. ಅನಂತರ ಸಿಂಗಲ್ ಆಗಿ, ಅಂದರೆ ಆ ಒಂದು ಹಾಡನ್ನೇ ಬೇರೆಯಾಗಿ, ಬಿಡುಗಡೆ ಮಾಡುವಾಗ ತಾಳ, ಬೇಸ್, ಹೊಸ ಸಾಲುಗಳನ್ನು ಸೇರಿಸಿ ಹಾಡನ್ನೇ ಬೇರೆಯಾಗಿ ಕಟ್ಟಿದರು. ಬ್ರಿಟನ್ನಿನ ಸಿಂಗಲ್‌ಗಳ ಮಾರಾಟದ ಪಟ್ಟಿಯಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿದ್ದದ್ದು ಅದು. ಇವೆರಡನ್ನೂ ಹೆಡ್‌ಫೋನ್ ಹಾಕಿಕೊಂಡು ಒಂದರ ಹಿಂದೊಂದು ಕೇಳುವುದು ಈ ಕೆಲಸದಲ್ಲಿ ತಪ್ಪಿಸಬಾರದ ಅಭ್ಯಾಸ. ಒಂದೇ ಕಂಠವನ್ನು ಹಲವು ಪದರಗಳಲ್ಲಿ ಧ್ವನಿಮುದ್ರಿಸಿ ಹೇಗೆ ಕೋರಸ್ ಕಟ್ಟುತ್ತಾರೆಂಬುದು ವಾದ್ಯವಿಲ್ಲದ ಆವೃತ್ತಿಯಲ್ಲಿ ಕೇಳಿಸುತ್ತದೆ: ಮೇಲಿನ ದನಿ ಸಾಲನ್ನು ಹೇಳುವಾಗ ಕೆಳಗಿನ ದನಿಗಳು ಒಂದೇ ಸ್ವರವನ್ನು ಹಿಡಿದು ನಿಂತಿರುತ್ತವೆ, ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುವ ಸದ್ದೂ ಕಿವಿಗೆ ಬೀಳುತ್ತದೆ. ಆಫ್ರೋಡಿಜಿಯಾಕ್ ದಿನಗಳಲ್ಲಿ ಇನ್ನೊಬ್ಬರ ಹಿಂದೆ ನಿಂತು ಕಲಿತ ಕಸುಬು ಇಲ್ಲಿ ಮುಂದೆ ಬಂದು ನಿಂತಿದೆ ಎಂದು ನನಗನ್ನಿಸುತ್ತದೆ. ಇದನ್ನು ನೀವು ಒಪ್ಪದಿರಬಹುದು, ಆದರೆ ಎರಡೂ ಕಾಲದ ಹಾಡುಗಳನ್ನು ಕೇಳದೆ ಒಪ್ಪುವುದೂ ಬೇಡ, ಅಲ್ಲಗಳೆಯುವುದೂ ಬೇಡ.

ಇದೇ ಆಲ್ಬಮ್ ಅಮೆರಿಕದಲ್ಲಿ ‘ಕೀಪ್ ಆನ್ ಮೂವಿನ್’ ಎಂಬ ಬೇರೆ ಹೆಸರಿನಿಂದ ಬಂತು. ಎರಡು ಹೆಸರನ್ನು ಎರಡು ಆಲ್ಬಮ್ ಎಂದು ಎಣಿಸಿ ಬರೆದ ಲೇಖನಗಳನ್ನು ನಾನು ಓದಿದ್ದೇನೆ. ಒಮ್ಮೆ ನಾನೇ ಬರೆದಿದ್ದೇನೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಕಂಠದ ಕ್ರೆಡಿಟ್ ಆದ ಮೇಲೆ ಓದಬೇಕಾದದ್ದು ರಚನೆಯ ಕ್ರೆಡಿಟ್. ಲೇಬಲ್ಲಿನಲ್ಲಿ ಹಾಡಿನ ಹೆಸರಿನ ಕೆಳಗೆ ಆವರಣದಲ್ಲಿ ಇರುವ ಹೆಸರುಗಳೇ ಅವು. ‘ಬ್ಯಾಕ್ ಟು ಲೈಫ್’ ಹಾಡಿಗೆ ಜಾಝಿ ಬಿ ಅವರ ನಿಜನಾಮವಾದ ಬೆರೆಸ್‌ಫೋರ್ಡ್ ರೋಮಿಯೋ, ನೆಲಿ ಹೂಪರ್, ಸೈಮನ್ ಲಾ ಅವರ ಜೊತೆಗೆ ವೀಲರ್ ಅವರ ಹೆಸರೂ ಇದೆ. ‘ಕೀಪ್ ಆನ್ ಮೂವಿನ್’ ರಚನೆ ಜಾಝಿ ಬಿ ಒಬ್ಬರದೇ. ಕೇಳುಗರಿಗೆ ಎರಡೂ ವೀಲರ್ ಅವರ ಹಾಡುಗಳೇ, ಆದರೆ ಹಣದ ಲೆಕ್ಕದಲ್ಲಿ ಅಜಗಜಾಂತರ. ಬ್ರಿಟನ್ನಿನಲ್ಲಿ ರಚನಕಾರರ ಪಾಲನ್ನು 1914ರಲ್ಲಿ ಸ್ಥಾಪನೆಯಾದ ಪಿಆರ್‌ಎಸ್ ಎಂಬ ಸಂಘ ಸಂಗ್ರಹಿಸುತ್ತದೆ. ಧ್ವನಿಮುದ್ರಣದ ಒಡೆಯರ ಮತ್ತು ಅದರಲ್ಲಿ ಹಾಡಿದ ನುಡಿಸಿದವರ ಪಾಲನ್ನು 1934ರಲ್ಲಿ ಸ್ಥಾಪನೆಯಾದ ಪಿಪಿಎಲ್ ಎಂಬ ಇನ್ನೊಂದು ಸಂಸ್ಥೆ. ರಚನೆಯಲ್ಲಿ ಹೆಸರಿಲ್ಲದ ಗಾಯಕಿಗೆ ಮೊದಲನೆಯ ದಾರಿ ಮುಚ್ಚಿರುತ್ತದೆ. ನಮ್ಮಲ್ಲಿ ಗಾಯಕರಿಗೆ ರಾಯಲ್ಟಿಯ ಹಕ್ಕು ಸ್ಪಷ್ಟವಾದದ್ದು ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂದ ಮೇಲೆ. ಅದರ ಮರುವರ್ಷ ಗಾಯಕರ ಹಕ್ಕುಗಳಿಗಾಗಿಯೇ ಒಂದು ಸಂಘ ಆರಂಭವಾಯಿತು. ಬೆಂಗಳೂರಿನ ಸ್ಟುಡಿಯೋಗಳಲ್ಲಿ ಟ್ರ್ಯಾಕ್ ಹಾಡಿ, ಆ ದಿನದ ಸಂಭಾವನೆ ಪಡೆದು ಬಸ್ಸು ಹತ್ತುವ ಹುಡುಗ ಹುಡುಗಿಯರನ್ನು ಬಲ್ಲವರಿಗೆ ಈ ವಿಷಯವನ್ನು ಹೆಚ್ಚು ವಿವರಿಸಬೇಕಿಲ್ಲ.

ಮುಂದಿನದು ಹಾಡಿದವರು ನಿಜಕ್ಕೂ ಯಾರು ಎಂಬ ಪ್ರಶ್ನೆ. ಇದಕ್ಕೆ ‘ರೈಡ್ ಆನ್ ಟೈಮ್’ ಹಾಡಿಗಿಂತ ಒಳ್ಳೆಯ ಪಾಠವಿಲ್ಲ. ಬ್ಲ್ಯಾಕ್ ಬಾಕ್ಸ್ ಎಂಬ ಇಟಲಿಯ ತಂಡದ ಈ ಹಾಡು 1989ರಲ್ಲಿ ಬ್ರಿಟನ್ನಿನಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ಟಿವಿಯಲ್ಲಿ ತುಟಿ ಆಡಿಸಿದವರು ಕತ್ರಿನ್ ಕಿನೊಲ್ ಎಂಬ ರೂಪದರ್ಶಿ. ಕೇಳಿಸಿದ ಕಂಠವನ್ನು ಅಮೆರಿಕದ ಲೋಲಿಯಾಟಾ ಹಾಲೊವೇ ಅವರ 1980ರ ‘ಲವ್ ಸೆನ್ಸೇಷನ್’ ಹಾಡಿನಿಂದ ಕತ್ತರಿಸಿ ತೆಗೆದುಕೊಳ್ಳಲಾಗಿತ್ತು. ವಿವಾದ ವಕೀಲರ ತನಕ ಹೋದ ಮೇಲೆ ಆ ಸಾಲುಗಳನ್ನು ಲಂಡನ್ನಿನ ಹೆದರ್ ಸ್ಮಾಲ್ ಅವರಿಂದ ಹಾಡಿಸಿ ಹೊಸ ಮುದ್ರಣ ತಂದರು. ಅದರಲ್ಲಿ ಅವರ ಹೆಸರನ್ನೂ ಹಾಕಲಿಲ್ಲ. ಮುಂದೆ ಅದೇ ಸ್ಮಾಲ್ ಎಂ ಪೀಪಲ್ ತಂಡದ ದನಿಯಾಗಿ 1993ರಲ್ಲಿ ‘ಮೂವಿಂಗ್ ಆನ್ ಅಪ್’ ಹಾಡಿದರು. ಆ ಹಾಡಿರುವ ‘ಎಲಿಗೆಂಟ್ ಸ್ಲಮ್ಮಿಂಗ್’ ಆಲ್ಬಮ್, ವರ್ಷದ ಅತ್ಯುತ್ತಮ ಆಲ್ಬಮ್ಮಿಗೆ ಬ್ರಿಟನ್ನಿನಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿಯನ್ನು 1994ರಲ್ಲಿ ಪಡೆಯಿತು. ಅವರ ಏಕವ್ಯಕ್ತಿ ಆಲ್ಬಮ್ ‘ಪ್ರೌಡ್’ ಬಂದದ್ದು 2000ದಲ್ಲಿ. ಅವರ ವೃತ್ತಿಜೀವನ ಬರೆಯುವವರು ‘ರೈಡ್ ಆನ್ ಟೈಮ್’ ಹಾಡನ್ನು ಯಾವ ಅಂಕಣದಲ್ಲಿ ಹಾಕಬೇಕು? ನನ್ನ ಪುಸ್ತಕದಲ್ಲಿ ಮುಖಪುಟದ ಅಂಕಣದಲ್ಲಿ ಬ್ಲ್ಯಾಕ್ ಬಾಕ್ಸ್, ಕೆಲಸದ ಅಂಕಣದಲ್ಲಿ ‘ಮುಖ್ಯ ಕಂಠ, ಹೆಸರಿಲ್ಲ’, ಆವೃತ್ತಿಯ ಅಂಕಣದಲ್ಲಿ ‘ಮತ್ತೆ ಹಾಡಿಸಿದ ಮುದ್ರಣ ಮಾತ್ರ’ ಎಂದಿದೆ. ನಿಮ್ಮ ಕೈಗೆ ಸಿಕ್ಕ ಆವೃತ್ತಿ ಯಾವುದೆಂದು ತಿಳಿಯಲು ಮೊದಲು ‘ಲವ್ ಸೆನ್ಸೇಷನ್’ ಪೂರ್ತಿ ಕೇಳಿ, ಹಾಲೊವೇ ಅವರು ಸ್ವರವನ್ನು ಕೂಗಿನ ಅಂಚಿಗೆ ಒಯ್ಯುವ ಬಗೆ ಕಿವಿಯಲ್ಲಿ ಕೂತ ಮೇಲೆ ಇನ್ನೊಂದಕ್ಕೆ ಬನ್ನಿ.

ಸಿನಿಮಾದ ಹಾಡಿಗೆ ಒಗ್ಗಿದ ನಮಗೆ ತುಟಿ ಒಬ್ಬರದು, ದನಿ ಇನ್ನೊಬ್ಬರದು ಎಂಬುದು ಹೊಸದಲ್ಲ. ರಾಜ್‌ಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದ ಕಾಲದಲ್ಲಿ ಅದನ್ನು ಯಾರೂ ಮೋಸವೆನ್ನಲಿಲ್ಲ, ಏಕೆಂದರೆ ಆಕಾಶವಾಣಿಯವರು ಹಾಡು ಹಾಕುವ ಮೊದಲು ಹಾಡಿದವರ ಹೆಸರನ್ನು ಹೇಳುತ್ತಿದ್ದರು. ಕನ್ನಡದ ಓದುಗರಿಗೆ ಬ್ಲ್ಯಾಕ್ ಬಾಕ್ಸ್ ವಿವಾದವನ್ನು ವಿವರಿಸುವಾಗ ಈ ಒಂದು ವ್ಯತ್ಯಾಸವನ್ನು ಹೇಳಿದರೆ ಸಾಕು, ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ತಾರೀಖುಗಳ ವಿಷಯದಲ್ಲಿ ಸ್ಟ್ರೀಮಿಂಗ್ ಆ್ಯಪ್‌ಗಳನ್ನು ನೆಚ್ಚಬೇಡಿ. ಅಲ್ಲಿ ಕಾಣುವ ವರ್ಷ ಹಲವು ಸಲ ಮರುಬಿಡುಗಡೆಯದು ಅಥವಾ ಸಂಕಲನದ್ದು. ವೃತ್ತದೊಳಗೆ ‘ಪಿ’ ಅಕ್ಷರವಿರುವ ಗುರುತಿನ ಪಕ್ಕದ ವರ್ಷ ಧ್ವನಿಮುದ್ರಣದ ಪ್ರಕಟಣೆಗೆ ಸಂಬಂಧಿಸಿದ್ದು, ‘ಸಿ’ ಅಕ್ಷರದ್ದು ಕವರಿನ ಚಿತ್ರ, ಬರಹ ಇತ್ಯಾದಿಗೆ. ಹಳೆಯ ಹಾಡಿನ ಪಕ್ಕದಲ್ಲಿ ತೀರ ಈಚಿನ ‘ಪಿ’ ವರ್ಷ, ಗುರುತಿಲ್ಲದ ಕಂಪನಿಯ ಹೆಸರು ಕಂಡರೆ ಅದು ಗಾಯಕಿ ವರ್ಷಗಳ ಅನಂತರ ಮತ್ತೆ ಹಾಡಿಕೊಟ್ಟ ಆವೃತ್ತಿಯೇ ಎಂದು ಅನುಮಾನಿಸಿ. ಪಟ್ಟಿಯ ಸ್ಥಾನಗಳನ್ನು ಬ್ರಿಟನ್ನಿನ ಅಧಿಕೃತ ಚಾರ್ಟ್ ತಾಣದಲ್ಲಿಯೇ ನೋಡಿ, ಒಂದೇ ಹಾಡಿಗೆ ಒಂದಕ್ಕಿಂತ ಹೆಚ್ಚು ನಮೂದು ಇದೆಯೇ ಎಂದೂ ಗಮನಿಸಿ. ಅಲಿಸನ್ ಲಿಮರಿಕ್ ಅವರ ‘ವೇರ್ ಲವ್ ಲಿವ್ಸ್’ 1991ರಲ್ಲಿ 27ನೇ ಸ್ಥಾನಕ್ಕೆ ನಿಂತಿತು. ಕ್ಲಬ್ಬುಗಳಲ್ಲಿ ಡಿಜೆಗಳು ಅದನ್ನು ಕೈಬಿಡದಿದ್ದ ಕಾರಣ 1996ರಲ್ಲಿ ಹೊಸ ಮಿಕ್ಸ್‌ಗಳೊಂದಿಗೆ ಮತ್ತೆ ಬಂದು 9ಕ್ಕೆ ಏರಿತು. ಮೊದಲ ನಮೂದನ್ನಷ್ಟೇ ನೋಡಿದವರು ಆ ಹಾಡನ್ನು ಸಾಧಾರಣ ಯಶಸ್ಸು ಎಂದು ಬರೆದುಬಿಡುತ್ತಾರೆ.

ಏಕವ್ಯಕ್ತಿ ಆಲ್ಬಮ್ಮುಗಳ ಭಾಗ ಸುಲಭ, ಅಲ್ಲಿ ಹೆಚ್ಚು ಹೊತ್ತು ಬೇಡ. ವೀಲರ್ ಅವರದು 1990ರಲ್ಲಿ ‘ಯುಕೆ ಬ್ಲ್ಯಾಕ್’, 1993ರಲ್ಲಿ ‘ಬೀಚ್ ಆಫ್ ದ ವಾರ್ ಗಾಡೆಸ್’. ಮೊದಲನೆಯದರ ಶೀರ್ಷಿಕೆಯಲ್ಲಿಯೇ, ಬ್ರಿಟನ್ನಿನಲ್ಲಿ ಹುಟ್ಟಿದ ಕಪ್ಪು ಜನರ ದನಿ ತಾನು ಎಂಬ ಘೋಷಣೆಯಿದೆ. ತಂಡದಲ್ಲಿದ್ದಾಗ ಹೇಳಲಾಗದ್ದನ್ನು ಆಕೆ ಇಲ್ಲಿ ಹೇಳಿದರೇ ಎಂಬ ಪ್ರಶ್ನೆ ಹಿಡಿದು ಕೇಳಿ. ಅನಂತರದ ವರ್ಷಗಳಲ್ಲಿ ಅವರು ಸೋಲ್ ಟು ಸೋಲ್ ವೇದಿಕೆಗೆ ಮರಳಿ ಹಾಡಿದ್ದಾರೆ ಎಂಬುದನ್ನೂ ಸೇರಿಸಿದರೆ ಗೆರೆ ಒಂದು ಸುತ್ತು ಬರುತ್ತದೆ.

ಬೆಂಗಳೂರಿನಲ್ಲಿದ್ದು ಭೌತಿಕ ಮುದ್ರಣಗಳನ್ನು ನೋಡಬಯಸುವವರು ಭಾನುವಾರ ಬೆಳಿಗ್ಗೆ ಬೇಗನೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೆ ಹೋಗಬಹುದು. ಚಿಕ್ಕಪೇಟೆ ಮೆಟ್ರೋ ನಿಲ್ದಾಣದಿಂದ ನಡೆದು ತಲುಪಬಹುದಾದ ದೂರ. ಹಳೆಯ ಗಡಿಯಾರ, ಚಾರ್ಜರು, ಹಿತ್ತಾಳೆ ಪಾತ್ರೆಗಳ ನಡುವೆ ರೆಕಾರ್ಡಿನ ಕಟ್ಟು ಸಿಗುವುದು ಅದೃಷ್ಟದ ಮಾತು, ಸಿಕ್ಕರೂ ಅದರಲ್ಲಿ ಬಹಳಷ್ಟು ಹಿಂದಿ, ಕನ್ನಡ ಸಿನಿಮಾದವು. ಹನ್ನೆರಡು ಇಂಚಿನ ಡ್ಯಾನ್ಸ್ ಸಿಂಗಲ್ ಕಂಡರೆ ಕವರನ್ನು ಮೆಚ್ಚುವ ಮೊದಲು ತಟ್ಟೆಯನ್ನು ಹೊರತೆಗೆಯಿರಿ. ಬೆಳಕಿಗೆ ಓರೆಯಾಗಿ ಹಿಡಿದು ಗೀರು ನೋಡಿ, ಲೇಬಲ್ಲಿನಲ್ಲಿ ಮಿಕ್ಸ್‌ಗಳ ಹೆಸರು ಓದಿ, ಲೇಬಲ್ಲಿಗೂ ಕೊನೆಯ ಗೆರೆಗೂ ನಡುವಿನ ನುಣುಪು ಜಾಗದಲ್ಲಿ ಕೊರೆದ ಸಂಖ್ಯೆಯನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು ಡಿಸ್ಕಾಗ್ಸಿನ ನಮೂದಿಗೆ ಹೋಲಿಸಿ. ನಾನು ಒಮ್ಮೆ ಇದಾವುದನ್ನೂ ಮಾಡದೆ, ಒಂದು ಒಳ್ಳೆಯ ಕವರಿಗೆ ಮುನ್ನೂರು ರೂಪಾಯಿ ಕೊಟ್ಟು ಮನೆಗೆ ತಂದೆ, ಒಳಗಿದ್ದದ್ದು ಸುಪ್ರಭಾತ. ಮನೆಯಲ್ಲಿ ಅಮ್ಮನಿಗೆ ಸಂತೋಷವಾಯಿತು.

ಟಿಪ್ಪಣಿಯೆಲ್ಲ ಕೂಡಿದ ಮೇಲೆ ಲೇಖನಕ್ಕಿಂತ ಮೊದಲು ಒಂದು ಶ್ರವಣ ಸಂಜೆ ನಡೆಸಿ ನೋಡಿ, ಎಲ್ಲಿ ಕೇಳುಗರ ಗಮನ ಜಾರುತ್ತದೆಯೋ ಅಲ್ಲಿ ಬರಹವೂ ಜಾರುತ್ತದೆ. ಮನೆಯಲ್ಲಿ ಗೆಳೆಯರಿಗೆ ಕೇಳಿಸುವುದಾದರೆ ಯಾರ ಅಪ್ಪಣೆಯೂ ಬೇಡ. ಕೆಫೆಯಲ್ಲೋ ಸಭಾಂಗಣದಲ್ಲೋ ಏರ್ಪಡಿಸುವುದಾದರೆ ಧ್ವನಿಮುದ್ರಿತ ಸಂಗೀತವನ್ನು ಸಾರ್ವಜನಿಕವಾಗಿ ಹಾಕುವ ಪರವಾನಗಿ ಆ ಜಾಗಕ್ಕೆ ಇದೆಯೇ ಎಂದು ಮುಂಚೆಯೇ ಕೇಳಿಕೊಳ್ಳಿ. ಏಳೆಂಟು ಹಾಡು ಸಾಕು. ಗಾಯಕಿಯ ಹೆಸರನ್ನು ಮೊದಲೇ ಹೇಳದೆ 1983ರ ಕಾಸ್ಟೆಲೋ ಹಾಡನ್ನು ಹಾಕಿ, ಹಿಂದಿನ ದನಿಗಳನ್ನು ಗಮನಿಸುವಂತೆ ಕೇಳಿ. ಅನಂತರ ‘ನೆಲ್ಸನ್ ಮಂಡೇಲಾ’, ಆಮೇಲೆ ಲವರ್ಸ್ ರಾಕ್‌ಗೆ ಹಿಂದಿರುಗಿ, ಅಲ್ಲಿಂದ ಒಮ್ಮೆಲೇ 1989ಕ್ಕೆ ಬನ್ನಿ. ಸಿಂಗಲ್ ಆವೃತ್ತಿಯನ್ನು ದನಿ ಏರಿಸಿಯೇ ಕೇಳಬೇಕು, ಆದ್ದರಿಂದ ಅದನ್ನು ಒಂಬತ್ತೂವರೆಯ ಒಳಗೆ ಮುಗಿಸಿ. ರಾತ್ರಿ ಹತ್ತಾದ ಮೇಲೆ, ಕೆಳಗಿನ ಮನೆಯವರ ದೀಪ ಆರಿದಾಗ, ಆಲ್ಬಮ್ಮಿನ ಆವೃತ್ತಿಯನ್ನು ಸಣ್ಣಗೆ ಹಾಕಬಹುದು. ಅದರಲ್ಲಿ ನೆಲ ಅದುರಿಸುವ ಬೇಸ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಕಂಠ ಮಾತ್ರ ಇದೆ.